ಯಂತ್ರದ ನುಡಿಯನ್ನು ಪೂರ್ತಿಯಾಗಿ ಕೇಳೋಣ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಮಾಡಿದ ಮಹತ್ಕಾರ್ಯಗಳಲ್ಲಿ ಒಂದೆಂದರೆ, ಪಂಡಿತರ ಭಾಷೆಯಲ್ಲಿ ಬಂಧಿತವಾಗಿದ್ದ ಅರಿವನ್ನು ಜನರು ಆಡುವ ಕನ್ನಡದಲ್ಲಿ ಎಲ್ಲರಿಗೂ ಎಟುಕುವಂತೆ ಮಾಡಿದುದು. ಅರ್ಥವಾಗದ ಮಾತಿನ ಮುಂದೆ ಮನುಷ್ಯನು ಕೈಕಟ್ಟಿ ನಿಲ್ಲುತ್ತಾನೆ. ಅರ್ಥವಾದ ಮಾತನ್ನು ಪ್ರಶ್ನಿಸುವ ಧೈರ್ಯ ಅವನಿಗೆ ತಾನಾಗಿಯೇ ಬರುತ್ತದೆ. ಇಂದು ನಮ್ಮ ಮನೆಗಳನ್ನು ಮತ್ತೊಂದು ಅಪರಿಚಿತ ಭಾಷೆ ಪ್ರವೇಶಿಸಿದೆ. ಗಣಕಯಂತ್ರದ ಪರದೆಯ ಮೇಲೆ, ಬ್ಯಾಂಕಿನ ಕೌಂಟರಿನಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲಿ ಥಟ್ಟನೆ ಮೂಡಿ ನಮ್ಮನ್ನು ಬೆಚ್ಚಿಬೀಳಿಸುವ ದೋಷಸೂಚನೆಗಳ ಭಾಷೆ ಅದು. ಎರಡು ಇಂಗ್ಲಿಷ್ ಶಬ್ದ, ಒಂದು ಅಂಕಿ; ಅಷ್ಟಕ್ಕೆ ಎಷ್ಟೋ ಜನರ ಕೆಲಸ ನಿಂತುಹೋಗುತ್ತದೆ, ಎಷ್ಟೋ ಹಿರಿಯರ ಮನಸ್ಸು ಕುಗ್ಗುತ್ತದೆ.

ನಮ್ಮ ನಾಡಿನ ಕಚೇರಿಗಳಲ್ಲಿ "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತನ್ನು ಕೇಳದವರು ವಿರಳ. ಈ ಮೂರು ನಾಲ್ಕು ಶಬ್ದಗಳಲ್ಲಿ ಹತ್ತಾರು ಬೇರೆ ಬೇರೆ ಕಾರಣಗಳು ಅಡಗಿರುತ್ತವೆ. ಅರ್ಜಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿರಬಹುದು, ಇಂಟರ್‌ನೆಟ್ ತಂತಿ ಸಡಿಲವಾಗಿರಬಹುದು, ದೂರದ ಊರಿನಲ್ಲಿರುವ ಸರ್ವರ್ ನಿಜವಾಗಿಯೂ ನಿಂತಿರಬಹುದು. ಯಂತ್ರವು ಇವನ್ನು ಒಂದೇ ಎಂದು ಹೇಳುವುದಿಲ್ಲ. ಅದು ಸಾಮಾನ್ಯವಾಗಿ ಬೇರೆ ಬೇರೆಯಾಗಿಯೇ ಹೇಳುತ್ತದೆ. ಒಂದೇ ಎಂದು ಹೇಳುವವರು ನಾವು. ಆದುದರಿಂದ ಪರದೆಯ ಮೇಲೆ ಏನೆಂದು ಬರೆದಿದೆ ಎಂಬುದನ್ನು ಪೂರ್ತಿಯಾಗಿ ಓದುವುದೇ ಪರಿಹಾರದ ಮೊದಲ ಮೆಟ್ಟಿಲು ಎಂಬುದು ನನ್ನ ದೃಢವಾದ ನಂಬಿಕೆ.

ಈ ಸಂಕೇತಾಂಕಗಳ ಹಿಂದೆ ಒಂದು ಕ್ರಮವಿದೆ. 1989ರಲ್ಲಿ ಜಿನೀವಾ ನಗರದ ಸಮೀಪದ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಅದರ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ದಾಸೋಹದ ಅರ್ಥವನ್ನು ಬಲ್ಲ ನಮಗೆ ಈ ಕಾರ್ಯದ ಹಿರಿಮೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಈ ಜಾಲದಲ್ಲಿ ನಾವು ಒಂದು ಪುಟವನ್ನು ಕೇಳಿದಾಗಲೆಲ್ಲ ಆ ಕಡೆಯ ಸರ್ವರ್ ಮೂರು ಅಂಕಿಗಳ ಒಂದು ಉತ್ತರವನ್ನು ಕಳುಹಿಸುತ್ತದೆ. ಅದರ ಮೊದಲ ಅಂಕಿಯೇ ಮುಖ್ಯವಾದುದು. 2 ಎಂದಿದ್ದರೆ ಕೆಲಸ ನೆರವೇರಿತೆಂದು ಅರ್ಥ. ಎಲ್ಲವೂ ಸುಸೂತ್ರವಾಗಿರುವುದರಿಂದ ಆ ಸಂಖ್ಯೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. 3 ಎಂದರೆ ಪುಟವು ಬೇರೆಡೆಗೆ ಹೋಗಿದೆ ಎಂದು. 4 ಎಂದರೆ ಕೇಳಿದ ಬೇಡಿಕೆಯಲ್ಲಿಯೇ ಏನೋ ಕೊರತೆಯಿದೆ ಎಂದು. 5 ಎಂದರೆ ಕೊಡಬೇಕಾದ ಸರ್ವರಿನಲ್ಲಿಯೇ ತೊಂದರೆ ಎಂದು.

ಇಷ್ಟು ತಿಳಿದರೆ ಎಷ್ಟೋ ವ್ಯರ್ಥ ಶ್ರಮ ತಪ್ಪುತ್ತದೆ. 404 ಎಂದು ಬಂದರೆ, ನಾವು ಹೋದ ವಿಳಾಸದಲ್ಲಿ ಪುಟವಿಲ್ಲವೆಂದು ತಿಳಿಯಬೇಕು. ವಿಳಾಸವನ್ನು ಬರೆಯುವಾಗ ಅಕ್ಷರ ಬಿಟ್ಟುಹೋಗಿರಬಹುದು, ಇಲ್ಲವೇ ಪುಟದ ಒಡೆಯರೇ ಅದನ್ನು ತೆಗೆದಿರಬಹುದು. ಅದೇ ಗುಂಡಿಯನ್ನು ನೂರು ಸಲ ಒತ್ತಿದರೂ ಫಲವಿಲ್ಲ. 401 ಎಂದರೆ ಮೊದಲು ಲಾಗಿನ್ ಆಗಬೇಕು. 403 ಎಂದರೆ ಅಲ್ಲಿಗೆ ನಮಗೆ ಪ್ರವೇಶವಿಲ್ಲ. 503 ಎಂದರೆ ಸರ್ವರಿಗೆ ಸದ್ಯಕ್ಕೆ ಬಿಡುವಿಲ್ಲ, ಅಥವಾ ಅದು ದುರಸ್ತಿಯಲ್ಲಿದೆ. ಪರೀಕ್ಷೆಯ ಫಲಿತಾಂಶ ಹೊರಬೀಳುವ ಗಳಿಗೆಯಲ್ಲಿ ಲಕ್ಷಾಂತರ ಮನೆಗಳವರು ಒಟ್ಟಿಗೆ ಬಾಗಿಲು ತಟ್ಟಿದಾಗ ಇಂಥ ಉತ್ತರ ಬರುವುದುಂಟು. ಆಗ ಮತ್ತೆ ಮತ್ತೆ ಒತ್ತುವುದೆಂದರೆ ಜಾತ್ರೆಯ ನೂಕುನುಗ್ಗಲಿನಲ್ಲಿ ಹಿಂದಿನಿಂದ ತಳ್ಳಿದಂತೆ. ಅರ್ಧ ಗಂಟೆ ತಾಳಿಕೊಂಡರೆ ಮಗುವಿನ ಅಂಕಗಳು ಎಲ್ಲಿಗೂ ಓಡಿಹೋಗುವುದಿಲ್ಲವೆಂದು ತಂದೆ ತಾಯಿಗಳು ಮಕ್ಕಳಿಗೂ ತಮಗೂ ಹೇಳಿಕೊಳ್ಳಬೇಕು.

ಮನೆಯ ಗಣಕಯಂತ್ರದಲ್ಲಿ ಕಾಣುವ ಉದ್ದನೆಯ ಸಂಖ್ಯೆಗಳೂ ಹೀಗೆಯೇ. ವಿಂಡೋಸ್ ಪರಿಷ್ಕರಣೆ ನಡೆಯುವಾಗ ಕೆಲವೊಮ್ಮೆ 0x80070070 ಎಂಬ ಅಂಕಿ ಮೂಡುತ್ತದೆ. ಮೊದಲಿನ ಎರಡು ಚಿಹ್ನೆಗಳು, ಮುಂದಿನದು ಹದಿನಾರರ ಲೆಕ್ಕದ ಸಂಖ್ಯೆ ಎಂದು ಸೂಚಿಸುತ್ತವೆ. ಕೊನೆಯಲ್ಲಿರುವ 70 ನಮ್ಮ ಹತ್ತರ ಲೆಕ್ಕದಲ್ಲಿ 112 ಆಗುತ್ತದೆ. 112 ಎಂದರೆ ಡಿಸ್ಕಿನಲ್ಲಿ ಜಾಗ ಸಾಲದು ಎಂದರ್ಥ. ಕಣಜ ತುಂಬಿದಾಗ ಹೊಸ ಕಾಳನ್ನು ಸುರಿಯಲಾಗದಲ್ಲವೇ? ಬೇಡವಾದ ವಿಡಿಯೋಗಳನ್ನು ಅಳಿಸಿದರೆ ಅಥವಾ ಬೇರೆಡೆಗೆ ಸಾಗಿಸಿದರೆ ಕೆಲಸ ಮುಂದುವರಿಯುತ್ತದೆ. ಅದೇ ಸಂಖ್ಯೆಯ ಕೊನೆಯಲ್ಲಿ 0005 ಎಂದಿದ್ದರೆ ಅನುಮತಿಯಿಲ್ಲ ಎಂದರ್ಥ. ಭಯಾನಕವಾಗಿ ತೋರುವ ಸಂಖ್ಯೆಯ ಒಳಗಿರುವುದು ಇಂಥ ಸರಳ ಮಾತು.

2024ರ ಜುಲೈ 19ರಂದು ಜಗತ್ತಿನಾದ್ಯಂತ ಗಣಕಯಂತ್ರಗಳು ನೀಲಿ ಪರದೆ ತೋರಿಸಿ ನಿಂತುಹೋದುದನ್ನು ಓದುಗರು ಮರೆತಿರಲಾರರು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಸುಮಾರು 85 ಲಕ್ಷ ಯಂತ್ರಗಳು ಬಾಧಿತವಾದುವೆಂದು ಮೈಕ್ರೋಸಾಫ್ಟ್ ಸಂಸ್ಥೆಯು ಅಂದಾಜು ಮಾಡಿತು. ಶತ್ರುಗಳ ದಾಳಿಯೆಂದು ಮೊದಲು ಸುದ್ದಿ ಹಬ್ಬಿದರೂ, ಕಾರಣ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯು ಕಳುಹಿಸಿದ ದೋಷಯುಕ್ತ ಪರಿಷ್ಕರಣೆ. ಗಮನಿಸಬೇಕಾದ ಸಂಗತಿಯೆಂದರೆ, ಎಷ್ಟೋ ನೀಲಿ ಪರದೆಗಳ ಕೆಳಭಾಗದಲ್ಲಿ ವಿಫಲವಾದ ಕಡತದ ಹೆಸರು ಅಚ್ಚಾಗಿಯೇ ಇತ್ತು. ಗಾಳಿಸುದ್ದಿಗೆ ಕಿವಿಗೊಟ್ಟವರಿಗಿಂತ ಆ ಒಂದು ಸಾಲನ್ನು ಓದಿದವರು ಮೂಲಕ್ಕೆ ಹತ್ತಿರವಾಗಿದ್ದರು.

ಆದರೆ ಯಂತ್ರದ ಮಾತು ಮನುಷ್ಯನ ಮೇಲಿನ ತೀರ್ಪಾಗಿಬಿಡುವ ಅಪಾಯವೇ ನನ್ನನ್ನು ಹೆಚ್ಚಾಗಿ ಕಾಡುವುದು. ಗದಗ-ಬೆಟಗೇರಿಯಲ್ಲಿ ನನಗೆ ಪರಿಚಿತರಾದ ಒಬ್ಬ ಹಿರಿಯ ತಾಯಿ ಇದ್ದಾರೆ. ರೈಲ್ವೆಯಲ್ಲಿದ್ದ ಪತಿಯ ಮರಣಾನಂತರ ಕುಟುಂಬ ಪಿಂಚಣಿಯೇ ಅವರಿಗೆ ಆಧಾರ. ಬಾಲ್ಯದಿಂದ ಮಗ್ಗದ ಕೆಲಸ ಮಾಡಿದ ಕೈ ಅವರದು. ನವೆಂಬರ್ ತಿಂಗಳಿನಲ್ಲಿ ಜೀವಂತ ಪ್ರಮಾಣಪತ್ರ ಸಲ್ಲಿಸಲು ಒಂದು ಸೇವಾ ಕೇಂದ್ರಕ್ಕೆ ಹೋದರೆ, "ಹೆಬ್ಬೆಟ್ಟು ತಗೊಳ್ಳವಲ್ದು" ಎಂದು ಎರಡು ಸಲ ಹಿಂದಕ್ಕೆ ಕಳುಹಿಸಿದರಂತೆ. "ಮಾಸ್ತರ, ನಾ ಜೀವಂತ ಅದೀನಿ ಅನ್ನೂದನ್ನ ಈ ಯಂತ್ರ ಒಪ್ಪವಲ್ದಲ್ರೀ" ಎಂದು ಅವರು ಹೇಳಿದಾಗ ಧ್ವನಿಯಲ್ಲಿ ನಗುವಿತ್ತು, ಕಣ್ಣಿನಲ್ಲಿ ಇರಲಿಲ್ಲ. ಪಿಂಚಣಿ ನಿಂತರೆ ಔಷಧಿಗೆ ಯಾರ ಬಳಿ ಕೈಯೊಡ್ಡಬೇಕು ಎಂಬ ಚಿಂತೆ ಅದು.

ಮೂರನೆಯ ಸಲ ನಾನು ಅವರೊಡನೆ ಹೋಗಿ, ಪರದೆಯನ್ನು ತೋರಿಸುವಂತೆ ಆ ಯುವಕನನ್ನು ವಿನಯದಿಂದಲೇ ಕೇಳಿದೆ. ಅಲ್ಲಿ 300 ಎಂಬ ಸಂಕೇತಾಂಕವಿತ್ತು. ಆಧಾರ್ ದೃಢೀಕರಣದಲ್ಲಿ 300 ಎಂದರೆ, ಈಗ ಕೊಟ್ಟ ಬೆರಳಚ್ಚು ಹಿಂದೆ ದಾಖಲಾದ ಅಚ್ಚಿಗೆ ಹೊಂದಲಿಲ್ಲ ಎಂದಷ್ಟೇ ಅರ್ಥ. 330 ಎಂದಿದ್ದರೆ ಬೆರಳಚ್ಚಿನ ಬಳಕೆಗೆ ಬೀಗ ಹಾಕಲಾಗಿದೆಯೆಂದು ತಿಳಿದು, ಮೊದಲು ಆ ಬೀಗವನ್ನು ತೆಗೆಸಬೇಕಾಗುತ್ತಿತ್ತು. ಎರಡಕ್ಕೂ ಪರಿಹಾರ ಬೇರೆ ಬೇರೆ. ಕೈಯನ್ನು ಒರೆಸಿ, ತುಸು ತೇವ ಮಾಡಿ, ಬೇರೆ ಬೆರಳುಗಳನ್ನು ಇಟ್ಟು ನೋಡಿದೆವು, ಆಗಲಿಲ್ಲ. ದಶಕಗಳ ನೂಲಿನ ಉಜ್ಜಾಟದಿಂದ ಆ ಬೆರಳುಗಳ ಗೆರೆಗಳು ಸವೆದುಹೋಗಿದ್ದವು. ಆಗ ಮೊಬೈಲಿನ ಮೂಲಕ ಮುಖದ ಗುರುತಿನ ವಿಧಾನವನ್ನು ಅನುಸರಿಸಿದೆವು. ಬೆರಳಚ್ಚಿನ ಡಿಜಿಟಲ್ ಜೀವಂತ ಪ್ರಮಾಣಪತ್ರ 2014ರ ನವೆಂಬರಿನಲ್ಲಿ ಬಂದಿತು. ಮುಖದ ಗುರುತಿನ ಸೌಲಭ್ಯವನ್ನು ಪಿಂಚಣಿದಾರರಿಗಾಗಿ 2021ರ ನವೆಂಬರಿನಲ್ಲಿ ಸೇರಿಸಲಾಯಿತು. ಕಣ್ಣು ಮಿಟುಕಿಸಿದ ಕ್ಷಣದಲ್ಲಿ ಕೆಲಸ ಮುಗಿಯಿತು, ಪ್ರಮಾಣಪತ್ರದ ಸಂಖ್ಯೆ ಮೊಬೈಲಿಗೆ ಬಂದಿತು.

ಆ ದಿನದಿಂದ ನನ್ನ ಮನಸ್ಸಿನಲ್ಲಿ ಒಂದು ವಿಚಾರ ನಿಂತಿದೆ. ಕಾಯಕದಿಂದ ಸವೆದ ಕೈ ನಮ್ಮ ಧರ್ಮದಲ್ಲಿ ಪೂಜ್ಯವಾದುದು. ನೇಯುವವರ, ಹಗ್ಗ ಹೊಸೆಯುವವರ, ಹೊಲದಲ್ಲಿ ದುಡಿಯುವವರ ಕೈಗಳಿಗೆ ಅನುಭವ ಮಂಟಪದಲ್ಲಿ ಗೌರವದ ಸ್ಥಾನವಿತ್ತು. ಅಂಥ ಕೈಯನ್ನು ಯಂತ್ರವು ಗುರುತಿಸಲಾರದೆ ಹೋದರೆ ಅದು ಯಂತ್ರದ ಮಿತಿ, ಕೈಯ ಕಳಂಕವಲ್ಲ. "ಹೊಂದಲಿಲ್ಲ" ಎಂಬ ಮಾತಿಗೂ "ನೀನು ನೀನಲ್ಲ" ಎಂಬ ಮಾತಿಗೂ ನೆಲ ಮುಗಿಲಿನ ಅಂತರವಿದೆ. ಯಂತ್ರವು ಹೇಳಿದ್ದು ಮೊದಲನೆಯದನ್ನು. ಅರ್ಧ ಓದಿದ ನಾವು ಎರಡನೆಯದನ್ನು ಹೇಳಿ ಒಬ್ಬ ತಾಯಿಯನ್ನು ಅವಮಾನಿಸಬಾರದು.

ಹಣದ ವಿಷಯದಲ್ಲಿಯೂ ಈ ವಿವೇಕ ಬೇಕು. ಯುಪಿಐ ಮೂಲಕ ಹಣ ಕಳುಹಿಸುವಾಗ ಬರುವ ಸಂಕೇತಗಳಲ್ಲಿ ಝಡ್9 ಎಂದರೆ ಖಾತೆಯಲ್ಲಿ ಹಣ ಸಾಲದು, ಝಡ್‌ಎಂ ಎಂದರೆ ಪಿನ್ ತಪ್ಪಾಗಿದೆ. ಖಾತೆಯಿಂದ ಹಣ ಕಡಿತವಾಗಿ ಎದುರಿನವರಿಗೆ ತಲುಪದಿದ್ದರೆ ಗಾಬರಿಯಿಂದ ತಕ್ಷಣ ಎರಡನೆಯ ಸಲ ಕಳುಹಿಸಬಾರದು. ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಇಂಥ ಹಣವು ವ್ಯವಹಾರದ ಮರುದಿನದೊಳಗೆ ಖಾತೆಗೆ ಹಿಂದಿರುಗಬೇಕು; ವ್ಯಾಪಾರಿಗೆ ಕೊಟ್ಟದ್ದಾದರೆ 5 ದಿನಗಳೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನೀಡಬೇಕೆಂದೂ ಅದರಲ್ಲಿದೆ. ವ್ಯವಹಾರದ ಸಂಖ್ಯೆಯನ್ನು ಬರೆದಿಟ್ಟುಕೊಂಡು ಬ್ಯಾಂಕಿಗೆ ದೂರು ಕೊಡುವವರಿಗೆ ಈ ನಿಯಮ ಆಸರೆಯಾಗುತ್ತದೆ.

ನಿಜವಾದ ಸೂಚನೆಗಳ ನಡುವೆ ಸುಳ್ಳು ಸೂಚನೆಗಳೂ ಇವೆ. "ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಕೂಡಲೇ ಈ ಸಂಖ್ಯೆಗೆ ಕರೆಮಾಡಿ" ಎಂದು ಪರದೆ ಕೂಗಿಕೊಂಡರೆ ಅದು ಮೋಸಗಾರರ ಬಲೆ. ತನ್ನ ದೋಷಸೂಚನೆಗಳಲ್ಲಿ ಎಂದಿಗೂ ದೂರವಾಣಿ ಸಂಖ್ಯೆ ಇರುವುದಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ತಿಳಿಸಿದೆ. ನಿಜವಾದ ಸೂಚನೆಯು ಏನಾಗಿದೆ ಎಂಬುದನ್ನು ಹೇಳುತ್ತದೆ. ಸುಳ್ಳು ಸೂಚನೆಯು ಹೆದರಿಸುತ್ತದೆ, ಅವಸರಪಡಿಸುತ್ತದೆ, ಪಿನ್ ಅಥವಾ ಒಟಿಪಿ ಕೇಳುತ್ತದೆ. ಅಂಥ ಸಂಖ್ಯೆಗೆ ಕರೆಮಾಡಬಾರದು, ಅವರು ಹೇಳಿದ ಆ್ಯಪ್ ಹಾಕಿಕೊಳ್ಳಬಾರದು. ಹಣ ಹೋಗಿಯೇ ಬಿಟ್ಟಿದ್ದರೆ ಮರ್ಯಾದೆಗೆ ಅಂಜಿ ಮುಚ್ಚಿಡದೆ, ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಡಮಾಡದೆ ತಿಳಿಸಬೇಕು.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಸೂಚನೆ ಬಂದೊಡನೆ ಗುಂಡಿ ಒತ್ತಿ ಅದನ್ನು ಮಾಯ ಮಾಡದೆ, ಕೊನೆಯ ಅಕ್ಷರದವರೆಗೂ ಓದಬೇಕು. ಅಂಕಿಯನ್ನು ಇದ್ದಂತೆಯೇ ಬರೆದುಕೊಳ್ಳಬೇಕು ಅಥವಾ ಚಿತ್ರ ತೆಗೆದುಕೊಳ್ಳಬೇಕು. ಚಿತ್ರವನ್ನು ಇತರರಿಗೆ ಕಳುಹಿಸುವುದಾದರೆ ಆಧಾರ್ ಮತ್ತು ಖಾತೆಯ ಸಂಖ್ಯೆಗಳನ್ನು ಮರೆಮಾಡಬೇಕು. ಆ ಹೊತ್ತಿಗೆ ನಾವು ಏನು ಮಾಡುತ್ತಿದ್ದೆವು, ನಿನ್ನೆಗೂ ಇಂದಿಗೂ ಏನು ಬದಲಾಯಿತು ಎಂದು ಯೋಚಿಸಬೇಕು. ದೋಷ ನಮ್ಮ ಬೇಡಿಕೆಯಲ್ಲಿದೆಯೋ, ದಾರಿಯಲ್ಲಿದೆಯೋ, ಆ ಕಡೆಯ ಸರ್ವರಿನಲ್ಲಿದೆಯೋ ಎಂದು ವಿಂಗಡಿಸಬೇಕು. ಒಂದೊಂದಾಗಿ ಪರಿಹಾರ ಪ್ರಯತ್ನಿಸಬೇಕು. ಹತ್ತನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಆಗದಿದ್ದರೆ ತಿಳಿದವರನ್ನು ಕೇಳಬೇಕು. "ಏನೋ ಎರರ್ ಬಂತು" ಎನ್ನುವವರಿಗಿಂತ "300 ಎಂದು ಬಂತು" ಎನ್ನುವವರಿಗೆ ಬೇಗ ನೆರವು ದೊರೆಯುತ್ತದೆ.

ನಮ್ಮ ಯುವಕ ಯುವತಿಯರು ಗಣಕಯಂತ್ರದ ವಿದ್ಯೆಯಲ್ಲಿ ದೇಶ ವಿದೇಶಗಳಲ್ಲಿ ಹೆಸರು ಗಳಿಸಿರುವುದು ನಮಗೆಲ್ಲ ಹೆಮ್ಮೆಯ ವಿಷಯ. ಅವರಲ್ಲಿ ನನ್ನದೊಂದು ವಿನಂತಿ. ರಜೆಗೆ ಊರಿಗೆ ಬಂದಾಗ ಮಠದ ಅಥವಾ ಸಮುದಾಯ ಭವನದ ಜಗಲಿಯಲ್ಲಿ ಒಂದು ಬೆಳಿಗ್ಗೆ ಕುಳಿತು, ಹಿರಿಯರ ಮೊಬೈಲಿನಲ್ಲಿ ಬಂದ ಸೂಚನೆಗಳನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿರಿ. ಕೆಲಸವನ್ನು ಅವರ ಕೈಯಿಂದ ಕಸಿದು ಮಾಡಿಕೊಡುವುದು ಬೇಡ. ಅವರ ಕೈಯಿಂದಲೇ ಮಾಡಿಸಿರಿ. ಸಿಡುಕಬೇಡಿರಿ. ನಿಮಗೆ ಅ, ಆ ತಿದ್ದಿಸಿದವರು ಎಷ್ಟು ಸಲ ತಾಳ್ಮೆಯಿಂದ ಮತ್ತೆ ಮತ್ತೆ ಹೇಳಿಕೊಟ್ಟರೆಂಬುದನ್ನು ನೆನೆಯಿರಿ. ಹಿರಿಯರಲ್ಲಿಯೂ ಒಂದು ಮಾತು. ಸೇವಾ ಕೇಂದ್ರದಲ್ಲಿ "ಆಗುವುದಿಲ್ಲ" ಎಂದಾಗ ಎದ್ದು ಬಂದುಬಿಡಬೇಡಿರಿ. "ಪರದೆಯ ಮೇಲೆ ಏನು ಬರೆದಿದೆ, ಓದಿ ಹೇಳಪ್ಪಾ" ಎಂದು ಕೇಳಿರಿ. ಕೇಳುವುದಕ್ಕೆ ಇಂಗ್ಲಿಷ್ ಬೇಕಾಗಿಲ್ಲ.