ಬಾಗಿಲು ತೆಗೆದವರೇ ಹಿಂದಿನ ಸೀಟಿಗೆ ಬಂದಾಗ...

ಸಿನಿಮಾದಲ್ಲಿ ಕಾರು ಬರುವ ಸೀನು ನಿಮಗೆಲ್ಲ ಬಾಯಿಪಾಠ. ಮೊದಲು ಚಕ್ರ, ಆಮೇಲೆ ಧೂಳು. ಗಕ್ಕನೆ ಬ್ರೇಕು. ಬಾಗಿಲು ತೆರೆಯುತ್ತದೆ. ಪಳಪಳ ಹೊಳೆಯುವ ಬೂಟೊಂದು ನೆಲಕ್ಕೆ ತಾಗುತ್ತದೆ. ಮುಖ ಕಾಣಿಸುವುದು ಕಟ್ಟಕಡೆಗೆ! ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಶಿಳ್ಳೆಯೋ ಶಿಳ್ಳೆ! ಆದರೆ ಒಂದು ಸಂಗತಿ ಗಮನಿಸಿದ್ದೀರಾ? ಆ ಕಾರಿನೊಳಗೆ ಹಿಂದೆ ಕೂತವರ ಮೊಣಕಾಲು ಎಲ್ಲಿ ತಾಗುತ್ತದೆ, ಸೊಂಟ ನೋಯುತ್ತದೋ ಇಲ್ಲವೋ, ಇದನ್ನು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ. ಕಾರನ್ನು ಹೊರಗಿನಿಂದ ನೋಡುವುದನ್ನು ನಮಗೆ ಕಲಿಸಿದ್ದು ಸಿನಿಮಾ. ದುಡ್ಡು ಕೊಟ್ಟು ಕೊಳ್ಳುವವನು ಮಾತ್ರ ಒಳಗಿನಿಂದಲೇ ನೋಡಬೇಕು.

ಕಾಂಟೆಸ್ಸಾವನ್ನೇ ತಗೊಳ್ಳಿ. 1984ರಲ್ಲಿ ಬಂತು. ಉದ್ದನೆ ಮೂತಿ, ಜೋಡಿ ಜೋಡಿ ಹೆಡ್‌ಲೈಟು, ಸೋಫಾದಂಥ ಸೀಟು. ಖಳನಾಯಕ ಇಳಿಯಬೇಕಾದರೆ ಅದರಿಂದಲೇ ಇಳಿಯಬೇಕು! ಮೈಯೇನೋ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್‌ನದು. ಬಾನೆಟ್ ಎತ್ತಿದರೆ ಒಳಗೆ ಕೂತಿದ್ದದ್ದು ನಮ್ಮ ಅಂಬಾಸಿಡರ್‌ನ 1489 ಸಿ.ಸಿ. ಎಂಜಿನ್, ಸುಮಾರು 50 ಕುದುರೆ ಶಕ್ತಿ. ಭೀಮನ ಮೈ, ಬಡಪಾಯಿ ಎದೆ! ಆಮೇಲೆ ಜಪಾನಿನ ಇಸುಜು ಎಂಜಿನ್ ಬಂದ ಮೇಲೇ ಅದಕ್ಕೆ ಜೀವ ಬಂದದ್ದು. 2002ರಲ್ಲಿ ಕಾರೇ ನಿಂತುಹೋಯಿತು. ತೆರೆಯ ಮೇಲೆ ಓಡುವ ಕಾರೇ ಬೇರೆ, ರಸ್ತೆಯ ಮೇಲೆ ಓಡುವ ಕಾರೇ ಬೇರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಈ ವಿಷಯ ಯಾಕೆ ಬಂತೆಂದರೆ, ಮೊನ್ನೆ ನನ್ನ ಸೋದರಮಾವನ ಜೊತೆ ಕಾರು ನೋಡಲು ಹೋಗಿದ್ದೆ. ಮಾವ ಮೂವತ್ತೈದು ವರ್ಷ ಕಾರು ಓಡಿಸಿದವರು. ತಮ್ಮದಲ್ಲ, ಬೇರೆಯವರದ್ದು. ಗಾಂಧಿನಗರದಿಂದ ಕಲಾವಿದರನ್ನು ಶೂಟಿಂಗ್ ಜಾಗಕ್ಕೆ ಮುಟ್ಟಿಸುವುದು, ಪ್ಯಾಕಪ್ ಆದ ಮೇಲೆ ಎಷ್ಟು ಹೊತ್ತಾದರೂ ಮನೆ ಸೇರಿಸುವುದು. ಹಿಂದಿನ ಬಾಗಿಲನ್ನು ಸಾವಿರಾರು ಸಲ ತೆಗೆದ ಕೈ ಅದು. ಆ ಸೀಟಿನ ಮೇಲೆ ಅವರು ಮೊಣಕಾಲೂರಿದ್ದು ಮಾತ್ರ ಕಾರು ಗುಡಿಸುವಾಗ!

ಮಾವನ ಮಗಳಿಗೆ ಕೆಲಸ ಸಿಕ್ಕು ಎರಡು ವರ್ಷ ಆಯ್ತು. ಅವಳದ್ದು ಒಂದೇ ಹಟ. ‘ಅಪ್ಪಾ, ಇನ್ಮೇಲೆ ನೀವು ಓಡಿಸ್ಬಾರ್ದು. ನಾನು ಓಡಿಸ್ತೀನಿ, ನೀವೂ ಅಮ್ಮನೂ ಹಿಂದೆ ಕೂತ್ಕೋಬೇಕು. ಸಣ್ಣ ಕಾರು ಬೇಡ, ಡಿಕ್ಕಿ ಇರೋ ದೊಡ್ಡ ಕಾರೇ ಆಗ್ಬೇಕು.’ ಮಾವನಿಗೆ ಒಳಗೊಳಗೇ ಖುಷಿ. ಹೊರಗೆ ಭಯ. ಯಾಕಂದ್ರೆ ಸಾಲ ಹುಡುಗಿಯ ಹೆಸರಲ್ಲಿ!

ಸಾಲದ ಲೆಕ್ಕ ಮೊದಲು ಹೇಳಿಬಿಡ್ತೀನಿ. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಬದಲಾಯಿತು. 4 ಮೀಟರ್ ಒಳಗಿನ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರಿಗೆ ಶೇಕಡಾ 18. ಅದಕ್ಕಿಂತ ಉದ್ದನೆಯ ಈ ಸೆಡಾನ್‌ಗಳಿಗೆ ಶೇಕಡಾ 40. ಅದರ ಮೇಲೆ ನಮ್ಮ ರಾಜ್ಯದ ಆಜೀವ ತೆರಿಗೆ. 10 ಲಕ್ಷ ದಾಟಿ 20 ಲಕ್ಷದೊಳಗಿನ ಕಾರಿಗೆ ಶೇಕಡಾ 17. ಶೋರೂಮಿನ ಬೆಲೆ 12 ಲಕ್ಷ ಅಂತಿದ್ದರೆ ಈ ತೆರಿಗೆಯೊಂದೇ 2 ಲಕ್ಷದ 4 ಸಾವಿರ. ಸೆಸ್ಸು, ವಿಮೆ ಬೇರೆ. ಜಾಹೀರಾತಿನ ಬೆಲೆ ಟ್ರೈಲರ್ ಇದ್ದ ಹಾಗೆ. ಪೂರ್ತಿ ಸಿನಿಮಾ ಕೌಂಟರಿನಲ್ಲಿ!

ಹತ್ತು ಲಕ್ಷ ಸಾಲ, ಬಡ್ಡಿ ಶೇಕಡಾ 9 ಅಂತಿಟ್ಟುಕೊಳ್ಳಿ. ಏಳು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 16,100. ಐದು ವರ್ಷಕ್ಕಾದರೆ 20,760. ಶೋರೂಮಿನವರು ಏಳು ವರ್ಷದ್ದನ್ನೇ ತೋರಿಸಿ ‘ನೋಡಿ ಮೇಡಂ, ಎಷ್ಟು ಹಗುರ’ ಅಂತಾರೆ. ಆ ಹಗುರಕ್ಕೆ ನೀವು ಕೊಡುವ ಹೆಚ್ಚಿನ ಬಡ್ಡಿ ಒಂದು ಲಕ್ಷಕ್ಕೂ ಮೇಲೆ ಸ್ವಾಮಿ! ಐದು ವರ್ಷದ ಕಂತು ಕಟ್ಟಲಾಗದಿದ್ದರೆ ಆ ಕಾರು ನಮ್ಮ ಕೈಗೆಟುಕುವ ಕಾರಲ್ಲ ಅಂತಲೇ ಅರ್ಥ. ಹುಡುಗಿ ಇದಕ್ಕೆ ಒಪ್ಪಿದಳು. ಹಾಗಾಗಿ ಒಂದೊಂದು ಸಾವಿರವನ್ನೂ ಎಲ್ಲಿ ಹಾಕಬೇಕು ಅನ್ನೋದೇ ಪ್ರಶ್ನೆಯಾಯ್ತು.

ನಾಲ್ಕು ಶೋರೂಮು ಸುತ್ತಿದೆವು. ಎಲ್ಲ ಕಡೆ ಒಂದೇ ಕಥೆ. ಹುಡುಗರು ಓಡಿಬಂದು ಮೊದಲು ತೋರಿಸುವುದು ಟಿ.ವಿ.ಯಂಥ ಪರದೆ, ಬಣ್ಣ ಬದಲಿಸುವ ದೀಪ, ಮೇಲೆ ಸರಿಯುವ ಗಾಜು. ‘ಸನ್‌ರೂಫ್ ಸಾರ್!’ ಮಾವ ತಲೆಯೆತ್ತಿ ನೋಡಿ, ‘ನಮ್ಮೂರ ಬಿಸಿಲಿಗೆ ಕಿಟಕಿ ಬೇರೆ ಕೇಡು ಕಣಪ್ಪಾ’ ಅಂದರು. ಆಮೇಲೆ ಯಾರೂ ಕೇಳದ ಒಂದು ಮಾತು ಕೇಳಿದರು. ‘ಮುಂದಿನ ಸೀಟನ್ನ ನನ್ನ ಮಗಳ ಅಳತೆಗೆ ಸರಿಸು. ನಾನು ಅದರ ಹಿಂದೆ ಕೂತ್ಕೋತೀನಿ.’

ಅಲ್ಲಿಂದ ಶುರುವಾಯ್ತು ನೋಡಿ ಮಾವನ ಪರೀಕ್ಷೆ. ಹಿಂದೆ ಕೂತು ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಒಂದು ಮುಷ್ಟಿ ಹಿಡಿದರು. ಮುಷ್ಟಿ ಹಿಡಿಸಿದರೆ ಪಾಸು. ಎರಡು ಚಕ್ರಗಳ ನಡುವಿನ ಅಂತರ ಹೋಂಡಾ ಸಿಟಿಯದ್ದು 2600 ಮಿಲಿಮೀಟರ್, ಸ್ಲಾವಿಯಾ, ವರ್ಟಸ್‌ದು 2651, ವರ್ನಾದ್ದು 2670. ಡಿಕ್ಕಿ ಎಲ್ಲಕ್ಕೂ 500 ಲೀಟರ್ ಮೇಲೆಯೇ. ಕಾಗದದ ಮೇಲೆ ಇಷ್ಟೇ ವ್ಯತ್ಯಾಸ. ಕೂತಾಗ ತೊಡೆಯ ಕೆಳಗೆ ಆಸರೆ ಸಿಗುತ್ತದೋ, ತಲೆ ಚಾವಣಿಗೆ ತಾಗುತ್ತದೋ ಅನ್ನೋದನ್ನ ಕಾಗದ ಹೇಳೋದಿಲ್ಲ.

ಅತ್ತೆಗೆ ಮಂಡಿನೋವು. ಒಂದೊಂದು ಕಾರಿಗೂ ಐದು ಸಲ ಹತ್ತಿ ಇಳಿಸಿದರು! ಸೆಡಾನ್‌ನ ಸೀಟು ತಗ್ಗು, ಕೂರುವುದು ಸುಲಭ, ಏಳುವುದು ಕಷ್ಟ. ಒಂದು ಕಾರಿನಲ್ಲಿ ಅತ್ತೆ ಮೂರನೇ ಸಲಕ್ಕೇ ‘ಅಯ್ಯೋ ಸಾಕಪ್ಪಾ’ ಅಂದರು. ಆ ಕಾರು ಅಲ್ಲಿಗೇ ಔಟ್! ಆಮೇಲೆ ನಾವು ನಾಲ್ಕು ಜನ ಜೊತೆಗೆ ಶೋರೂಮಿನ ಹುಡುಗ, ಒಟ್ಟು ಐದು ಜನ ಕೂತು ಹಂಪು ದಾಟಿಸಿದೆವು. ಒಬ್ಬರೇ ಕೂತು ಓಡಿಸಿದರೆ ಯಾವ ಕಾರೂ ತಳ ಉಜ್ಜೋದಿಲ್ಲ. ತುಂಬಿದ ಕಾರಿನ ತಳವೇ ನಿಜ ಹೇಳುವುದು. ಹುಡುಗಿಗೆ ದಿನಾ ಎರಡು ಗಂಟೆ ಟ್ರಾಫಿಕ್ಕು. ಅದಕ್ಕೆ ಕ್ಲಚ್ ಪೆಡಲನ್ನು ಇಪ್ಪತ್ತು ಸಲ ಒತ್ತಿಸಿ, ‘ಕಾಲು ಹೇಗಿದೆ?’ ಅಂತ ಕೇಳಿದರು. ಅವಳು ಮುಖ ಕಿವುಚಿದಳು.

ಇನ್ನು ನಕ್ಷತ್ರದ ವಿಚಾರ. ನಮ್ಮ ಸ್ಟಾರ್‌ಗಳಲ್ಲ, ಕಾರಿನ ಸ್ಟಾರ್! ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಎದುರಿಗೆ ಗುದ್ದಿಸಿ ನೋಡುತ್ತದೆ. ಒಳಗೆ ಬೊಂಬೆಗಳು, ಡ್ಯೂಪುಗಳ ಹಾಗೆ. 2023ರ ಏಪ್ರಿಲ್‌ನಲ್ಲಿ ಸ್ಲಾವಿಯಾ ಮತ್ತು ವರ್ಟಸ್‌ಗೆ ಐದು ಸ್ಟಾರ್ ಬಂತು. ದೊಡ್ಡವರ ರಕ್ಷಣೆಯಲ್ಲಿ 34ಕ್ಕೆ 29.71. ಅದೇ ವರ್ಷ ಅಕ್ಟೋಬರ್‌ನಲ್ಲಿ ವರ್ನಾಗೂ ಐದು ಸ್ಟಾರ್, 34ಕ್ಕೆ 28.18. ಆದರೆ ವರದಿಯಲ್ಲಿ ವರ್ನಾದ ಮೈಕಟ್ಟು ‘ಅಸ್ಥಿರ’ ಎಂದೂ ಬರೆದಿದೆ. ಸ್ಟಾರ್ ಎಣಿಸಿದರೆ ಸಾಲದು, ಕೆಳಗಿನ ಸಾಲನ್ನೂ ಓದಬೇಕು. ಪೋಸ್ಟರ್ ನೋಡಿ ಟಿಕೆಟ್ ತಗೊಂಡು ಕೈ ಸುಟ್ಟುಕೊಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಕಾಗದ ಓದಿ ಹೇಳಿದಾಗ ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಶಂಕ್ರಣ್ಣ ಹೋದಾಗ ನನಗೆ ಇಪ್ಪತ್ತೈದು ವರ್ಷ ಕಣೋ’ ಅಂದರು. 1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರ ಆನಗೋಡು. ಶಂಕರ್‌ನಾಗ್‌ಗೆ ಆಗ ಕೇವಲ 35. ‘ಆಟೋ ರಾಜ’ನ ಫೋಟೋ ಇವತ್ತಿಗೂ ಬೆಂಗಳೂರಿನ ಆಟೋಗಳ ಮೇಲಿದೆ. ‘ಅವತ್ತು ನಮ್ಮ ಸ್ಟ್ಯಾಂಡಿನಲ್ಲಿ ಕೀ ತಿರುಗಿಸೋಕೆ ಯಾರಿಗೂ ಕೈ ಬರಲಿಲ್ಲ. ಆಗಿನ ನಮ್ಮ ಕಾರುಗಳಲ್ಲಿ ಗಾಳಿಚೀಲ ಎಲ್ಲಿತ್ತು? ಇದೆಲ್ಲ ಅವತ್ತೇ ಇದ್ದಿದ್ರೆ...’ ಮಾತು ಅಲ್ಲಿಗೇ ನಿಂತಿತು.

ಇವತ್ತು ಇದೆ. ಈ ವರ್ಗದ ಬಹುತೇಕ ಕಾರುಗಳಲ್ಲಿ ಕೆಳಗಿನ ಮಾಡೆಲ್ಲಿನಿಂದಲೇ ಆರು ಏರ್‌ಬ್ಯಾಗ್ ಕೊಡುತ್ತಾರೆ. ಮೇಲಿನ ಮಾಡೆಲ್ಲಿಗೆ ಕೊಡುವ ಹೆಚ್ಚಿನ ಲಕ್ಷಗಳಲ್ಲಿ ದೊಡ್ಡ ಪಾಲು ಹೋಗೋದು ಅಲಂಕಾರಕ್ಕೆ. ಆದರೆ ಬೆಲ್ಟ್ ಹಾಕದವನಿಗೆ ಆರು ಚೀಲ ಇದ್ದರೂ ಏನು ಬಂತು? 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮುಂಬೈ ಹತ್ತಿರದ ಪಾಲ್ಘರ್‌ನಲ್ಲಿ ತೀರಿಕೊಂಡರು. ಕೂತಿದ್ದು ದುಬಾರಿ ಕಾರಿನ ಹಿಂದಿನ ಸೀಟಿನಲ್ಲೇ. ಬೆಲ್ಟ್ ಹಾಕಿರಲಿಲ್ಲ ಎಂದರು ಪೊಲೀಸರು. ಹಿಂದೆ ಕೂತವರೂ ಬೆಲ್ಟ್ ಹಾಕಬೇಕೆಂದು ಕಾನೂನಿದೆ, ತಪ್ಪಿದರೆ 1000 ರೂಪಾಯಿ ದಂಡ. ‘ಹಿಂದೆ ಕೂತೋರು ದೊಡ್ಡ ಮನುಷ್ಯರು, ಅವರಿಗ್ಯಾಕೆ ಬೆಲ್ಟು ಅಂತ ನಾವೂ ಕೇಳ್ತಿರಲಿಲ್ಲ, ಅವರೂ ಹಾಕ್ತಿರಲಿಲ್ಲ’ ಅಂತಾರೆ ಮಾವ.

ಕೊನೆಗೆ ತೀರ್ಪು ಬಂತು. ನಡುವಿನ ಮಾಡೆಲ್. ಸನ್‌ರೂಫ್ ಇಲ್ಲ, ಬಣ್ಣದ ದೀಪ ಇಲ್ಲ. ಉಳಿದ ದುಡ್ಡು ಆಟೊಮ್ಯಾಟಿಕ್ ಗೇರಿಗೆ, ಯಾಕಂದ್ರೆ ಓಡಿಸೋಳು ಮಗಳು. ಹಿಂದೆ ಎ.ಸಿ. ಗಾಳಿ ಬರುತ್ತೆ, ಮೂವರಿಗೂ ಬೆಲ್ಟಿದೆ, ಅತ್ತೆ ಐದು ಸಲ ಹತ್ತಿ ಇಳಿದರೂ ‘ಅಯ್ಯೋ’ ಅನ್ನಲಿಲ್ಲ. ಸಾಲ ಐದೇ ವರ್ಷ. ಐಷಾರಾಮ ಅಂದ್ರೆ ನಮ್ಮಂಥವರಿಗೆ ಇದೇ. ಒಳಗೆ ಕೂತವರು ನೆಮ್ಮದಿಯಾಗಿರಬೇಕು, ಕಂತು ಕಟ್ಟುವವಳಿಗೆ ರಾತ್ರಿ ನಿದ್ದೆ ಬರಬೇಕು.

ಯಾವ ಕಂಪನಿ ಅಂತ ಕೇಳ್ತೀರಾ? ಹೇಳೋದಿಲ್ಲ! ಹೇಳಿದರೆ ನೀವೂ ಕಣ್ಣು ಮುಚ್ಚಿ ಅದನ್ನೇ ತಗೋತೀರಿ. ನಿಮ್ಮ ಅತ್ತೆಯ ಮಂಡಿ ಬೇರೆ, ನಿಮ್ಮ ಬೀದಿಯ ಹಂಪು ಬೇರೆ.

ಕಾರು ಕೈಗೆ ಬಂದ ದಿನ ಹುಡುಗಿ ಇಳಿದು ಬಂದು ಹಿಂದಿನ ಬಾಗಿಲು ತೆಗೆದು ನಿಂತಳು. ಮಾವ ಅವಳನ್ನೊಮ್ಮೆ ನೋಡಿದರು. ಏನೂ ಹೇಳದೆ ಒಳಗೆ ಕೂತರು. ಮೊದಲು ಮಾಡಿದ ಕೆಲಸ... ಬೆಲ್ಟು ಎಳೆದು ಹಾಕಿಕೊಂಡದ್ದು. ಎರಡನೆಯದು, ಅತ್ತೆಗೆ ಹಾಕಿದ್ದು.