ಲೈಸೆನ್ಸ್ ಇದ್ದರೆ ಸಾಕಾ?

ನಾನು ಹತ್ತನೇ ಗ್ರೇಡ್‌ನಲ್ಲಿ ಓದ್ತಾ ಇದ್ದೀನಿ. ನಮ್ಮ ಮನೆ ಇರೋದು ಐಸೆಲಿನ್‌ನಲ್ಲಿ. ನನಗೆ ಪೈಲಟ್ ಆಗಬೇಕು ಅಂತ ತುಂಬಾ ಆಸೆ. ನಿಮಗೆ ಗೊತ್ತಾ, ನ್ಯೂಜೆರ್ಸಿಯಲ್ಲಿ ಒಬ್ಬರೇ ಕಾರು ಓಡಿಸೋದಕ್ಕೆ 17 ವರ್ಷ ಆಗಬೇಕು. ಸಣ್ಣ ವಿಮಾನದ ಪ್ರೈವೇಟ್ ಪೈಲಟ್ ಲೈಸೆನ್ಸ್ ಕೂಡ 17ಕ್ಕೇ ಸಿಗುತ್ತೆ! ಸಾಮಾನ್ಯವಾಗಿ ಕನಿಷ್ಠ 40 ಗಂಟೆ ಹಾರಾಟ ಮಾಡಿ, ಪರೀಕ್ಷೆಗಳನ್ನು ಪಾಸು ಮಾಡಬೇಕು.

ಆದರೆ ಲೈಸೆನ್ಸ್ ಇರುವವರೆಲ್ಲ ಒಂದೇ ತರಹ ಇರೋದಿಲ್ಲ. ಅಪ್ಪನ ಸ್ನೇಹಿತರಲ್ಲಿ ಇಬ್ಬರು ಹವ್ಯಾಸಕ್ಕೆ ವಿಮಾನ ಹಾರಿಸುತ್ತಾರೆ. ಒಬ್ಬ ಅಂಕಲ್ ಪ್ರತಿ ಸಲವೂ ಪಟ್ಟಿ ಹಿಡಿದುಕೊಂಡು ರೆಕ್ಕೆ, ಟೈರು, ಇಂಧನ, ಆಯಿಲ್ ಎಲ್ಲಾ ನೋಡ್ತಾರೆ. ಮೋಡ ಜಾಸ್ತಿ ಇದ್ದರೆ "ಇವತ್ತು ಬೇಡ ಪುಟ್ಟಾ" ಅಂತಾರೆ. ಇನ್ನೊಬ್ಬ ಅಂಕಲ್ ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬಂದಾಗ "ಬಾ, ಮೇಲಿಂದ ಸ್ಟ್ಯಾಚ್ಯೂ ಆಫ್ ಲಿಬರ್ಟಿ ತೋರಿಸ್ತೀನಿ" ಅಂದರು. ನಾನು "ಕೊನೇ ಸಲ ಯಾವಾಗ ಹಾರಿಸಿದ್ರಿ ಅಂಕಲ್?" ಅಂತ ಕೇಳಿದೆ. "ಎಂಟು ತಿಂಗಳಾಯ್ತೇನೋ" ಅಂದರು. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಸಲ ಮೇಲೇರಿ ಮೂರು ಸಲ ಇಳಿದಿರಬೇಕು ಅಂತ ನಿಯಮ ಇದೆ. ಅದನ್ನು ಹೇಳಿದೆ. ಅಮ್ಮ ನನ್ನ ಕಡೆ ಕಣ್ಣು ಬಿಟ್ಟರು. ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಮೊದಲು ಟೀಚರ್ ಜೊತೆ ಹೋಗಿ ಬರ್ತೀನಿ" ಅಂದರು.

ಇದು ಯಾಕೆ ಮುಖ್ಯ ಅಂತ ಹೇಳ್ತೀನಿ ಕೇಳಿ. ನಮ್ಮ ನ್ಯೂಜೆರ್ಸಿಯಲ್ಲೇ ಎಸೆಕ್ಸ್ ಕೌಂಟಿ ಏರ್‌ಪೋರ್ಟ್ ಇದೆ. 1999ರ ಜುಲೈ 16ರ ರಾತ್ರಿ ಅಧ್ಯಕ್ಷ ಕೆನಡಿಯವರ ಮಗ, ಜಾನ್ ಎಫ್. ಕೆನಡಿ ಜೂನಿಯರ್, ಅಲ್ಲಿಂದ ತಮ್ಮ ಸಣ್ಣ ವಿಮಾನದಲ್ಲಿ ಹೊರಟರು. ಜೊತೆಯಲ್ಲಿ ಹೆಂಡತಿ ಮತ್ತು ಹೆಂಡತಿಯ ಅಕ್ಕ ಇದ್ದರು. ಅವರ ಹತ್ತಿರ ಲೈಸೆನ್ಸ್ ಇತ್ತು, ಸುಮಾರು 300 ಗಂಟೆ ಹಾರಿಸಿದ ಅನುಭವವೂ ಇತ್ತು. ಆದರೆ ಹೊರಗೆ ಏನೂ ಕಾಣದಿದ್ದಾಗ ಬರೀ ಮೀಟರುಗಳನ್ನು ನೋಡಿ ಹಾರಿಸುವ ತರಬೇತಿ ಇನ್ನೂ ಮುಗಿದಿರಲಿಲ್ಲ. ಸಮುದ್ರದ ಮೇಲೆ ಕತ್ತಲು, ಮಬ್ಬು. ನೀರು ಎಲ್ಲಿ, ಆಕಾಶ ಎಲ್ಲಿ ಗೊತ್ತಾಗುವುದಿಲ್ಲ. ಅಂಥ ಸಮಯದಲ್ಲಿ ನಮ್ಮ ಕಿವಿಯೊಳಗಿನ ಸಮತೋಲನದ ಭಾಗವೇ ನಮಗೆ ಮೋಸ ಮಾಡುತ್ತೆ. ವಿಮಾನ ವಾಲಿಕೊಂಡು ತಿರುಗುತ್ತಿದ್ದರೂ ನೇರವಾಗಿ ಹೋಗ್ತಾ ಇದೆ ಅನ್ನಿಸುತ್ತೆ. ವಿಮಾನ ಸಮುದ್ರಕ್ಕೆ ಬಿದ್ದು ಮೂವರೂ ತೀರಿಕೊಂಡರು. ಅದೇ ಸಂಜೆ ಅದೇ ಏರ್‌ಪೋರ್ಟ್‌ನಲ್ಲಿ ಇನ್ನೊಬ್ಬ ಪೈಲಟ್ ಆ ಮಬ್ಬನ್ನು ನೋಡಿ ತಮ್ಮ ಪ್ರಯಾಣವನ್ನೇ ರದ್ದು ಮಾಡಿದ್ದರು.

ಹೊರಡುವ ಮುಂಚೆ ಪೈಲಟ್‌ಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ: ಹುಷಾರಿಲ್ವಾ? ಔಷಧಿ ತಗೊಂಡಿದ್ದೀನಾ? ಟೆನ್ಶನ್ ಇದೆಯಾ? ಮದ್ಯ ಕುಡಿದಿದ್ದೀನಾ? ಸುಸ್ತಾಗಿದೆಯಾ? ಮನಸ್ಸು ಸರಿ ಇದೆಯಾ? ಇವುಗಳಲ್ಲಿ ಒಂದಕ್ಕೆ ತಪ್ಪು ಉತ್ತರ ಬಂದರೂ ಆ ದಿನ ಹಾರಬಾರದು.

ದೊಡ್ಡವರನ್ನು ಪ್ರಶ್ನೆ ಮಾಡಬಾರದು ಅಂತ ನಮಗೆ ಮನೆಯಲ್ಲಿ ಹೇಳಿಕೊಡ್ತಾರೆ. ಆದರೆ ಯಾರಾದರೂ ನಿಮ್ಮನ್ನು ಸಣ್ಣ ವಿಮಾನಕ್ಕೆ ಕರೆದರೆ, ಅಥವಾ ಹೊಸದಾಗಿ ಲೈಸೆನ್ಸ್ ಸಿಕ್ಕ ಅಣ್ಣ ಕಾರಿಗೆ ಕರೆದರೆ, ಮರ್ಯಾದೆಯಿಂದಲೇ ಕೇಳಿ. "ಕೊನೇ ಸಲ ಯಾವಾಗ ಓಡಿಸಿದ್ರಿ? ಇವತ್ತು ಹವಾಮಾನ ಹೇಗಿದೆ? ಚೆನ್ನಾಗಿ ನಿದ್ದೆ ಆಯ್ತಾ?" ಅಪ್ಪ ಅಮ್ಮಂದಿರೇ, ಮಕ್ಕಳು ಹೀಗೆ ಕೇಳಿದರೆ ದಯವಿಟ್ಟು ಬೈಯಬೇಡಿ.

ಮುಂದಿನ ವರ್ಷ ನಾನು ಹಾರಾಟದ ಪಾಠ ಶುರು ಮಾಡಬೇಕು ಅಂತಿದ್ದೀನಿ. ಆಗ ನೀವು ನನ್ನನ್ನೂ ಹೀಗೇ ಕೇಳಿ, ನನಗೆ ಬೇಜಾರಾಗಲ್ಲ.