ಹಣೆಯ ಭಸ್ಮ, ಮಿದುಳಿನ ಪ್ರಾಣವಾಯು

ದೇಹದ ತೂಕದಲ್ಲಿ ಶೇಕಡಾ 2ರಷ್ಟಿರುವ ಮಿದುಳು ಪ್ರಾಣವಾಯುವಿನಲ್ಲಿ ಶೇಕಡಾ 20ರಷ್ಟನ್ನು ಬಳಸುತ್ತದೆ. ಅದಕ್ಕೆ ರಕ್ತವೊಯ್ಯುವ ನಾಳಗಳು ಹೃದಯದ ಮೇಲಿನ ಮಹಾಧಮನಿಯ ಕಮಾನಿನಿಂದಲೇ ಕವಲೊಡೆಯುತ್ತವೆ. ಆ ಕಮಾನಿನ ಶಸ್ತ್ರಚಿಕಿತ್ಸೆಯಲ್ಲಿ ದೇಹವನ್ನು ತಣಿಸಿ ಕೆಲಹೊತ್ತು ರಕ್ತಸಂಚಾರವನ್ನೇ ನಿಲ್ಲಿಸಿ, ಮಿದುಳಿಗೆ ಮಾತ್ರ ಬೇರೆ ನಳಿಕೆಯಿಂದ ರಕ್ತ ಹರಿಸುವುದುಂಟು. ಅದು ತಲುಪುತ್ತಿದೆಯೆ ಎಂದರಿಯಲು ಹಣೆಯ ಎರಡೂ ಬದಿಗೆ ಪಟ್ಟಿ ಅಂಟಿಸಿ ಅವಕೆಂಪು ಕಿರಣ ಹಾಯಿಸುತ್ತಾರೆ. 1977ರಲ್ಲಿ ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ ತೋರಿಸಿದ ಮಾರ್ಗವಿದು. ಆರಂಭದ ಅಂಕಿಗಿಂತ ಶೇಕಡಾ 20ರಷ್ಟು ಕುಸಿದರೆ ವೈದ್ಯರು ಒಡನೆ ನಳಿಕೆ, ರಕ್ತದೊತ್ತಡಗಳನ್ನು ಪರೀಕ್ಷಿಸುತ್ತಾರೆ. ಹಣೆಯ ಹಿಂಬದಿಯ ಭಾಗವನ್ನಷ್ಟೇ ಇದು ಬಲ್ಲದು, ಅಪಾಯವನ್ನೆಲ್ಲ ನೀಗದು.

ಪಟ್ಟಿ ಅಂಟಲು ಹಣೆ ಶುಚಿಯಾಗಿರಬೇಕು. ಈ ಚಿಕಿತ್ಸೆಗೆ ಹೊರಟ ಮುಶಿಗೇರಿಯ ಹಿರಿಯರೊಬ್ಬರು, "ಶಾಸ್ತ್ರಿಗಳ, ವಿಭೂತಿ ಒರಸಿದರ ದೋಷ ಬರೂದಿಲ್ಲೇನ್ರಿ?" ಎಂದು ನನ್ನನ್ನು ಕೇಳಿದರು. ವಿಭೂತಿ ಅಷ್ಟಾವರಣಗಳಲ್ಲೊಂದು, ಅವರ ಅಳುಕು ಸಹಜವೇ. "ಕಾಯ ಉಳಿದರಲ್ಲವೆ ಕಾಯಕ, ಪೂಜೆ? ಪೂಜೆ ಮುಗಿಸಿ ನೀವೇ ಒರೆಸಿಕೊಳ್ಳಿರಿ, ಗುಣವಾದ ಮೇಲೆ ಮತ್ತೆ ಧರಿಸಿರಿ" ಎಂದೆ. ಅವರು ಹಾಗೆಯೇ ಮಾಡಿದರು.

ಶರಣಬಂಧುಗಳು ಇಂಥ ಅಳುಕನ್ನು ಶಸ್ತ್ರಚಿಕಿತ್ಸೆಯ ಹೊತ್ತಿನವರೆಗೆ ಇಟ್ಟುಕೊಳ್ಳದೆ, ಮೊದಲೇ ವೈದ್ಯರೊಡನೆಯೂ ಗುರುಹಿರಿಯರೊಡನೆಯೂ ಮಾತಾಡಿ ಬಗೆಹರಿಸಿಕೊಳ್ಳುವುದು ಲೇಸು.